ಹಿತ್ತಿಲಿಗೆ ಹನ್ನೆರಡು ಬುಡ ಚೈವ್ಸ್

ಅಡುಗೆಮನೆಯಲ್ಲಿ ದಿನವೂ ಬೇಕಾಗುವ ಪದಾರ್ಥಗಳಲ್ಲಿ ಈರುಳ್ಳಿಗೆ ಮೊದಲ ಸ್ಥಾನ. ಅದರ ಧಾರಣೆ ಒಮ್ಮೆ ಬೆಳೆದವನ ಕಣ್ಣಲ್ಲಿ ನೀರು ತರಿಸಿದರೆ, ಇನ್ನೊಮ್ಮೆ ಕೊಳ್ಳುವವನ ಕಣ್ಣಲ್ಲಿ ತರಿಸುತ್ತದೆ. ಗೆಡ್ಡೆ ಈರುಳ್ಳಿಯನ್ನು ಹಿತ್ತಿಲಲ್ಲಿ ಬೆಳೆದು ವರ್ಷವಿಡೀ ಮನೆಗೆ ಒದಗಿಸುವುದು ಸುಲಭವಲ್ಲ. ಆದರೆ ಈರುಳ್ಳಿಯ ರುಚಿ, ಪರಿಮಳಗಳನ್ನು ಎಲೆಯಲ್ಲಿಯೇ ಕೊಡುವ, ಒಮ್ಮೆ ನೆಟ್ಟರೆ ಹಲವು ವರ್ಷ ಉಳಿಯುವ ಸಸ್ಯವೊಂದಿದೆ. ಅದೇ ಚೈವ್ಸ್. ನಗರಗಳ ಹೋಟೆಲುಗಳಲ್ಲಿ ಇದರ ಬಳಕೆ ಇದೆ. ಬೀಜದ ಅಂಗಡಿಗಳಲ್ಲಿ ಇದರ ಪೊಟ್ಟಣಗಳು ಸಿಗುತ್ತವೆ. ಹಳ್ಳಿಯ ಹಿತ್ತಿಲುಗಳಲ್ಲಿ ಮಾತ್ರ ಇದು ಇನ್ನೂ ಅಪರೂಪ.

ಇದನ್ನು ತಂದು ನೆಟ್ಟವರಲ್ಲಿಯೂ ಅನೇಕರು ಒಂದೇ ವರ್ಷದಲ್ಲಿ ಕೈಚೆಲ್ಲುತ್ತಾರೆ. ಅದಕ್ಕೆ ಮುಖ್ಯ ಕಾರಣಗಳು ಎರಡು. ಒಂದು, ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತು ಗಿಡ ಕೊಳೆಯುವುದು. ಮತ್ತೊಂದು, ಎಲೆ ಬಂದಂತೆಲ್ಲ ಬಿಡುವು ಕೊಡದೆ ಕೊಯ್ಯುವುದು. ಇವೆರಡೂ ಬೆಳೆಯುವವರ ಕೈಯಲ್ಲೇ ಇರುವ ಸಂಗತಿಗಳು. ಇವನ್ನು ಸರಿಪಡಿಸಿಕೊಂಡರೆ ಒಂದು ಹಾಸಿಗೆಯಷ್ಟು ಜಾಗವೂ ಬೇಡ, ಅದರ ಅರ್ಧದಲ್ಲಿಯೇ ಒಂದು ಮನೆಗೆ ಬೇಕಾಗುವಷ್ಟು ಸೊಪ್ಪು ಸಿಗುತ್ತದೆ.

ಸಸ್ಯದ ಪರಿಚಯ

ಚೈವ್ಸ್ ಈರುಳ್ಳಿ, ಬೆಳ್ಳುಳ್ಳಿಗಳ ಕುಲಕ್ಕೆ ಸೇರಿದ ಬಹುವಾರ್ಷಿಕ ಸಸ್ಯ. ಇದರ ಶಾಸ್ತ್ರೀಯ ಹೆಸರು ಅಲಿಯಮ್ ಸ್ಕೀನೊಪ್ರಾಸಮ್. ಎರಡನೆಯ ಪದವು ಗ್ರೀಕ್ ಭಾಷೆಯಿಂದ ಬಂದಿದ್ದು, 'ಜೊಂಡಿನಂತಹ ಈರುಳ್ಳಿ ಜಾತಿ' ಎಂಬ ಅರ್ಥ ಕೊಡುತ್ತದೆ. ಗಿಡವನ್ನು ನೋಡಿದರೆ ಈ ಹೆಸರು ಸರಿಯೆನಿಸುತ್ತದೆ. ಎಲೆಗಳು ಕಡು ಹಸಿರು, ದುಂಡು, ಒಳಗೆ ಪೊಳ್ಳು. ದಪ್ಪ 2ರಿಂದ 3 ಮಿ.ಮೀ., ಎತ್ತರ ಸಾಮಾನ್ಯವಾಗಿ 20ರಿಂದ 30 ಸೆಂ.ಮೀ. ನೆಲದೊಳಗೆ ಈರುಳ್ಳಿಯಂತೆ ದೊಡ್ಡ ಗೆಡ್ಡೆ ಕಟ್ಟುವುದಿಲ್ಲ. ಬೆರಳಿಗಿಂತಲೂ ಸಣ್ಣದಾದ, ಉದ್ದನೆಯ ಗೆಡ್ಡೆಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗಿರುತ್ತವೆ. ರಾಗಿ, ಭತ್ತಗಳು ತೆಂಡೆ ಒಡೆಯುವಂತೆ ಇದೂ ಬುಡದಿಂದ ಒಡೆದು ಹಬ್ಬುತ್ತದೆ.

ಯೂರೋಪು, ಏಷ್ಯ ಮತ್ತು ಉತ್ತರ ಅಮೆರಿಕಗಳ ತಂಪು ಪ್ರದೇಶಗಳಲ್ಲಿ ಇದು ತಾನಾಗಿ ಬೆಳೆಯುತ್ತದೆ. ನಮ್ಮ ದೇಶದಲ್ಲಿ ಹಿಮಾಲಯದ ಎತ್ತರದ ತಾಣಗಳಲ್ಲಿಯೂ ಇದೆ. ಅಲ್ಲಿ ಚಳಿಗಾಲ ಕಳೆದ ಮೇಲೆ ನಸು ನೇರಳೆ ಬಣ್ಣದ ಚೆಂಡಿನಂತಹ ಹೂಗೊಂಚಲು ಬಿಡುತ್ತದೆ. ಹೂ ಬರಲು ಗಿಡಕ್ಕೆ ಕೆಲವು ವಾರಗಳ ಒಳ್ಳೆಯ ಚಳಿ ತಗಲಬೇಕು. ಆದುದರಿಂದ ನಮ್ಮ ಬಯಲುಸೀಮೆಯಲ್ಲಿ ಇದು ಹೂ ಬಿಟ್ಟು ಬೀಜ ಕಟ್ಟುವುದು ಅಪರೂಪ. ಇದರಿಂದ ನಷ್ಟವೇನೂ ಇಲ್ಲ. ಬೇಕಾಗಿರುವುದು ಎಲೆ, ವಂಶಾಭಿವೃದ್ಧಿಗೆ ಬುಡಗಳೇ ಸಾಕು.

ಎರಡು ಬಗೆಗಳು

ಚೈವ್ಸ್ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಸಸ್ಯಗಳು ಮಾರಾಟಕ್ಕೆ ಬರುತ್ತವೆ. ಬೀಜ ಕೊಳ್ಳುವ ಮೊದಲು ಇವುಗಳ ವ್ಯತ್ಯಾಸ ತಿಳಿದಿರುವುದು ಅವಶ್ಯಕ.

ಮೊದಲನೆಯದು ಮೇಲೆ ಹೇಳಿದ ಸಾಮಾನ್ಯ ಚೈವ್ಸ್. ದುಂಡು ಪೊಳ್ಳು ಎಲೆ, ಈರುಳ್ಳಿಯ ಮೃದುವಾದ ಪರಿಮಳ. ತಂಪು ಹವೆಯನ್ನು ಬಯಸುತ್ತದೆ. ಕೊಡಗು, ಚಿಕ್ಕಮಗಳೂರು, ಹಾಸನದ ಎತ್ತರದ ಭಾಗಗಳು, ಬೆಂಗಳೂರು ಮತ್ತು ಕೋಲಾರದ ಸುತ್ತಮುತ್ತಲ ಪ್ರದೇಶ ಇದಕ್ಕೆ ಹೊಂದುತ್ತವೆ.

ಎರಡನೆಯದು ಬೆಳ್ಳುಳ್ಳಿ ಚೈವ್ಸ್ ಅಥವಾ ಚೀನೀ ಚೈವ್ಸ್. ಶಾಸ್ತ್ರೀಯ ಹೆಸರು ಅಲಿಯಮ್ ಟ್ಯೂಬರೋಸಮ್. ಇದರ ಎಲೆ ದುಂಡಲ್ಲ, ಹುಲ್ಲಿನ ಗರಿಯಂತೆ ಚಪ್ಪಟೆ. ಒಳಗೆ ಪೊಳ್ಳೂ ಇಲ್ಲ. ಹಿಸುಕಿದರೆ ಬೆಳ್ಳುಳ್ಳಿಯ ವಾಸನೆ ಬರುತ್ತದೆ. ಹೂಗಳು ಬಿಳಿ, ನಕ್ಷತ್ರಾಕಾರ. ಸೆಕೆಯನ್ನು ಇದು ಮೊದಲನೆಯದಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಈಶಾನ್ಯ ಭಾರತದಲ್ಲಿ ಇಂತಹ ಸೊಪ್ಪು ಹೊಸದಲ್ಲ. ಮಣಿಪುರದ ಮನೆಗಳ ಹಿತ್ತಿಲುಗಳಲ್ಲಿ 'ಮರೋಯಿ ನಾಕುಪ್ಪಿ' ಎಂಬ ಹೆಸರಿನಿಂದ ಇದನ್ನು ಬೆಳೆದು, ನಾವು ಕೊತ್ತಂಬರಿ, ಕರಿಬೇವನ್ನು ಬಳಸುವಂತೆ ದಿನದ ಅಡುಗೆಗೆ ಬಳಸುತ್ತಾರೆ. ಬಳ್ಳಾರಿ, ರಾಯಚೂರು, ಕಲಬುರಗಿ, ವಿಜಯಪುರದಂತಹ ಬಿಸಿಲಿನ ಜಿಲ್ಲೆಗಳವರೂ ಕರಾವಳಿಯವರೂ ಈ ಎರಡನೆಯ ಬಗೆಯನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಮಾರುಕಟ್ಟೆಯಲ್ಲಿ ಸಿಗುವ ಈರುಳ್ಳಿ ಸೊಪ್ಪು ಇವೆರಡೂ ಅಲ್ಲ. ಅದು ಗೆಡ್ಡೆ ಬಲಿಯುವ ಮುನ್ನವೇ ಕಿತ್ತ ಎಳೆಯ ಈರುಳ್ಳಿ. ಒಮ್ಮೆ ಕಿತ್ತರೆ ಅದರ ಕತೆ ಮುಗಿಯಿತು. ಚೈವ್ಸನ್ನು ಕೀಳುವುದಿಲ್ಲ, ಕೊಯ್ಯುತ್ತಾರೆ. ಬೇಸಾಯದ ಉಳಿದೆಲ್ಲ ಕ್ರಮಗಳೂ ಈ ಒಂದು ವ್ಯತ್ಯಾಸದ ಮೇಲೆ ನಿಂತಿವೆ.

ಮಳೆ ಲಿಲ್ಲಿಯ ಬಗ್ಗೆ ಎಚ್ಚರ

ಮನೆಯ ಮುಂದೆ ಅಂದಕ್ಕಾಗಿ ಬೆಳೆಸುವ ಮಳೆ ಲಿಲ್ಲಿಯ ಎಲೆಗಳು ಹೂವಿಲ್ಲದ ಕಾಲದಲ್ಲಿ ಚೈವ್ಸಿನಂತೆಯೇ ಕಾಣುತ್ತವೆ. ಆದರೆ ಮಳೆ ಲಿಲ್ಲಿ ವಿಷದ ಸಸ್ಯ. ಅದರ ಗೆಡ್ಡೆಯನ್ನು ತಿಂದರೆ ವಾಂತಿ, ಭೇದಿಯಾಗುತ್ತದೆ. ಗುರುತಿಸುವ ಬಗೆ ಸುಲಭ. ಒಂದು ಎಲೆಯನ್ನು ಹಿಸುಕಿ ಮೂಸಿ ನೋಡಬೇಕು. ಈರುಳ್ಳಿ ಅಥವಾ ಬೆಳ್ಳುಳ್ಳಿಯ ವಾಸನೆ ಬಾರದ ಎಲೆಯನ್ನು ಎಂದಿಗೂ ಅಡುಗೆಗೆ ಬಳಸಬಾರದು. ಒಂದರ ವಾಸನೆ ಕೈಗೆ ಅಂಟಿದ್ದರೆ ಇನ್ನೊಂದರ ಪರೀಕ್ಷೆ ತಪ್ಪಾಗುತ್ತದೆ. ಆದುದರಿಂದ ಕೈ ತೊಳೆದು ನೋಡಬೇಕು. ಎರಡನ್ನೂ ಒಂದೇ ಮಡಿಯಲ್ಲಿ ಅಥವಾ ಅಕ್ಕಪಕ್ಕದಲ್ಲಿ ನೆಡದಿರುವುದೇ ಕ್ಷೇಮ. ಮಕ್ಕಳಿಂದ ಸೊಪ್ಪು ಕೊಯ್ಯಿಸುವ ಮನೆಗಳಲ್ಲಿ ಇದು ಇನ್ನೂ ಮುಖ್ಯ.

ಜಾಗ ಮತ್ತು ಮಣ್ಣು

ದಿನಕ್ಕೆ 5ರಿಂದ 6 ಗಂಟೆ ಬಿಸಿಲು ಬೀಳುವ ಜಾಗ ಬೇಕು. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನದ ನಂತರ ನೆರಳಾಗುವ ಜಾಗ ನಮ್ಮ ಬೇಸಿಗೆಗೆ ಅತ್ಯುತ್ತಮ. ಮನೆಯ ಪೂರ್ವದ ಗೋಡೆಯ ಮಗ್ಗುಲು, ನುಗ್ಗೆಯಂತಹ ತೆಳು ನೆರಳಿನ ಮರದ ಪೂರ್ವ ದಿಕ್ಕು ಇದಕ್ಕೆ ಸೂಕ್ತ. ದಟ್ಟ ನೆರಳಿನಲ್ಲಿ ಎಲೆಗಳು ಸಣಕಲಾಗಿ ನೆಲಕ್ಕೆ ಬಾಗುತ್ತವೆ.

ನೀರು ಚೆನ್ನಾಗಿ ಬಸಿದು ಹೋಗುವ, ಸಾವಯವ ಅಂಶವಿರುವ ಗೋಡು ಮಣ್ಣು ಉತ್ತಮ. ರಸಸಾರ 6ರಿಂದ 7 ಇದ್ದರೆ ಸರಿ. ಕೆಂಪು ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಸೇರಿಸಿದರೆ ಸಾಕು. ಕಪ್ಪು ಮಣ್ಣಿಗೆ ಗೊಬ್ಬರದ ಜೊತೆಗೆ ಮರಳನ್ನೂ ಸೇರಿಸಿ ಮಡಿಯನ್ನು ಎತ್ತರಿಸಬೇಕು. ಬಚ್ಚಲ ನೀರು ಹರಿಯುವ ತಗ್ಗಿನಲ್ಲಿ ಬಾಳೆ, ಕೆಸುಗಳು ಚೆನ್ನಾಗಿ ಬರುತ್ತವೆ ಎಂದು ಚೈವ್ಸನ್ನೂ ಅಲ್ಲಿಯೇ ನೆಡುವವರಿದ್ದಾರೆ. ಇದು ತಪ್ಪು. ಇದರ ಬೇರುಗಳು ಮೇಲುಮಟ್ಟದವು. ತೇವ ಬೇಕು ನಿಜ. ಆದರೆ ನೀರು ನಿಂತರೆ ಬೇರಿಗೆ ಗಾಳಿ ಸಿಗದೆ ಬುಡ ಕೊಳೆಯುತ್ತದೆ.

ಒಂದು ಮನೆಗೆ 12 ಬುಡಗಳು ಸಾಕು. ಬುಡದಿಂದ ಬುಡಕ್ಕೆ 25 ಸೆಂ.ಮೀ.ನಂತೆ 3 ಸಾಲು, ಸಾಲಿಗೆ 4 ಬುಡ. ಇದಕ್ಕೆ 1 ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲದ ಮಡಿ ಬೇಕು. ನೆಲವನ್ನು ಒಂದು ಗೇಣು ಆಳಕ್ಕೆ ಅಗೆದು, ಕಲ್ಲು, ಗರಿಕೆ ಮತ್ತು ಕೊನ್ನಾರಿ ಗೆಡ್ಡೆಗಳನ್ನು ಒಂದೂ ಬಿಡದೆ ಆರಿಸಬೇಕು. ಹಲವು ವರ್ಷ ಉಳಿಯುವ ಬೆಳೆಯ ನಡುವೆ ಈ ಕಳೆಗಳು ಸೇರಿಕೊಂಡರೆ ಆಮೇಲೆ ತೆಗೆಯುವುದು ಕಷ್ಟ. ಅನಂತರ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 4ರಿಂದ 5 ಕಿ.ಗ್ರಾಂ. ಮತ್ತು ಬೇವಿನ ಹಿಂಡಿ 100 ಗ್ರಾಂ ಬೆರೆಸಿ, ಮಡಿಯನ್ನು ನೆಲಮಟ್ಟದಿಂದ 15 ಸೆಂ.ಮೀ. ಎತ್ತರಿಸಬೇಕು. ಮಲೆನಾಡು, ಕರಾವಳಿಗಳಲ್ಲಿ 25ರಿಂದ 30 ಸೆಂ.ಮೀ. ಎತ್ತರ ಅವಶ್ಯಕ. ಹಸಿ ಸಗಣಿಯನ್ನಾಗಲಿ ಅರೆಕಳಿತ ಗೊಬ್ಬರವನ್ನಾಗಲಿ ಹಾಕಬಾರದು.

ಹಿತ್ತಿಲಿಲ್ಲದವರು 20ರಿಂದ 25 ಸೆಂ.ಮೀ. ಬಾಯಿಯ ಕುಂಡಗಳಲ್ಲಿ ಕುಂಡಕ್ಕೊಂದು ಬುಡದಂತೆ ಬೆಳೆಯಬಹುದು. ಮಣ್ಣು, ಮರಳು, ಗೊಬ್ಬರಗಳನ್ನು ಸಮಪಾಲು ಬೆರೆಸಿ ತುಂಬಬೇಕು. ಕುಂಡದ ತಳದಲ್ಲಿ ತೂತು ಇರಲೇಬೇಕು. ಅದರ ಮೇಲೆ ಒಂದು ಹೆಂಚಿನ ಚೂರನ್ನು ಕವುಚಿ ಇಟ್ಟರೆ ಮಣ್ಣು ಸೋರುವುದಿಲ್ಲ, ನೀರೂ ನಿಲ್ಲುವುದಿಲ್ಲ.

ಬೀಜದಿಂದ ಸಸಿ

ಬೀಜಗಳು ಕಪ್ಪು, ಈರುಳ್ಳಿ ಬೀಜಕ್ಕಿಂತ ಸಣ್ಣವು. ಈರುಳ್ಳಿ ಬೀಜದಂತೆಯೇ ಇವೂ ಬೇಗ ಹಳಸುತ್ತವೆ. ವರ್ಷ ಕಳೆದ ಬೀಜದಲ್ಲಿ ಮೊಳಕೆಯ ಪ್ರಮಾಣ ಬಹಳ ಕಡಿಮೆಯಾಗುತ್ತದೆ. ಆದುದರಿಂದ ಪೊಟ್ಟಣದ ಮೇಲಿನ ದಿನಾಂಕ ನೋಡಿಯೇ ಕೊಳ್ಳಬೇಕು. 12 ಬುಡಗಳಿಗೆ ಸುಮಾರು 100 ಸಸಿಗಳು ಬೇಕು. ಒಂದೆರಡು ಚಿಟಿಕೆ ಬೀಜ ಇದಕ್ಕೆ ಧಾರಾಳ.

ಬಯಲುಸೀಮೆಯಲ್ಲಿ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ, ಮಲೆನಾಡಿನಲ್ಲಿ ಮಳೆ ಹಿಂದೆ ಸರಿದ ಮೇಲೆ ಅಕ್ಟೋಬರ್‌ನಲ್ಲಿ ಬಿತ್ತುವುದು ಸೂಕ್ತ. ಆಗ ಬಿತ್ತಿದ ಗಿಡಗಳು ಚಳಿಗಾಲದ ತಂಪಿನಲ್ಲಿ ಬೇರೂರಿ, ಬೇಸಿಗೆ ಬರುವ ವೇಳೆಗೆ ಬಲವಾಗುತ್ತವೆ. ಮಾರ್ಚ್, ಏಪ್ರಿಲ್‌ನಲ್ಲಿ ಬಿತ್ತಿದರೆ ಸೆಕೆಗೆ ಮೊಳಕೆ ಸರಿಯಾಗಿ ಬರುವುದಿಲ್ಲ.

ಸಣ್ಣ ಸಸಿಮಡಿ ಅಥವಾ ತಟ್ಟೆಯಲ್ಲಿ 5 ಸೆಂ.ಮೀ.ಗೊಂದು ಗೆರೆ ಎಳೆದು, ಅರ್ಧದಿಂದ ಒಂದು ಸೆಂ.ಮೀ. ಆಳದಲ್ಲಿ ಬಿತ್ತಿ, ಜರಡಿ ಹಿಡಿದ ಗೊಬ್ಬರದಿಂದ ತೆಳುವಾಗಿ ಮುಚ್ಚಬೇಕು. ಬಿತ್ತುವ ಮೊದಲು ಸಸಿಮಡಿಯ ಗೊಬ್ಬರಕ್ಕೆ ಕಿಲೋಗೆ 10 ಗ್ರಾಂನಂತೆ ಟ್ರೈಕೋಡರ್ಮ ಪುಡಿ ಬೆರೆಸಿದರೆ ಎಳೆಯ ಸಸಿಗಳು ಬುಡ ಕೊಳೆತು ಮಲಗುವುದು ಕಡಿಮೆಯಾಗುತ್ತದೆ. ಮೇಲೆ ಒಣಹುಲ್ಲು ಹರಡಿ, ಸಣ್ಣ ತೂತಿನ ಡಬ್ಬಿಯಿಂದ ನೀರು ಚಿಮುಕಿಸಬೇಕು. 10ರಿಂದ 14 ದಿನಗಳಲ್ಲಿ ಮೊಳಕೆ ಕಾಣುತ್ತದೆ. ಮೊಳಕೆ ಕಂಡ ದಿನವೇ ಹುಲ್ಲನ್ನು ತೆಗೆಯಬೇಕು.

ಮೊಳಕೆಗಳು ಕೂದಲೆಳೆಯಂತೆ ಸಣ್ಣವಾಗಿರುತ್ತವೆ. ಇದನ್ನು ಹುಲ್ಲೆಂದು ತಿಳಿದು ಕಿತ್ತು ಎಸೆಯುವುದೂ ಉಂಟು. ಗೆರೆಯಲ್ಲಿ ಬಿತ್ತುವುದರ ಪ್ರಯೋಜನ ಇಲ್ಲಿ ತಿಳಿಯುತ್ತದೆ: ಗೆರೆಯಲ್ಲಿರುವುದು ಬೆಳೆ, ಗೆರೆಯಾಚೆ ಇರುವುದು ಕಳೆ.

ನಾಟಿ

6ರಿಂದ 8 ವಾರಗಳಲ್ಲಿ ಸಸಿಗಳು 10ರಿಂದ 15 ಸೆಂ.ಮೀ. ಬೆಳೆಯುತ್ತವೆ. ಇವನ್ನು ಒಂಟಿಯಾಗಿ ನೆಡಬಾರದು. 8ರಿಂದ 10 ಸಸಿಗಳನ್ನು ಸೇರಿಸಿ ಒಂದು ಗುಣಿಯಲ್ಲಿ ನೆಟ್ಟರೆ ಬೇಗ ಬುಡ ಕಟ್ಟುತ್ತದೆ. ಸಸಿಮಡಿಯಲ್ಲಿದ್ದಷ್ಟೇ ಆಳಕ್ಕೆ ನೆಡಬೇಕು. ಸಂಜೆ ನೆಟ್ಟು, ಕೂಡಲೆ ನೀರು ಕೊಟ್ಟು, 3-4 ದಿನ ತೆಂಗಿನ ಗರಿಯ ನೆರಳು ಮಾಡುವುದು ಒಳ್ಳೆಯದು.

ಈಗಾಗಲೇ ಬೆಳೆದವರಿಂದ ಬುಡ ಸಿಕ್ಕರೆ ಬೀಜದ ಗೋಜೇ ಬೇಡ. 6ರಿಂದ 8 ಗೆಡ್ಡೆಗಳಿರುವ ಹೋಳುಗಳನ್ನು ಬೇರು ಸಮೇತ ತಂದು, ಎಲೆಯನ್ನು ಅರ್ಧಕ್ಕೆ ಕತ್ತರಿಸಿ ನೆಟ್ಟರೆ ಬೀಜದಿಂದ ಬೆಳೆದುದಕ್ಕಿಂತ ಬೇಗ ಕೊಯ್ಲಿಗೆ ಬರುತ್ತದೆ. ತರುವಾಗ ಬುಡದಲ್ಲಿ ಬಿಳಿ ಬೂಷ್ಟು, ಕೊಳೆತ ವಾಸನೆ ಇಲ್ಲದಿರುವುದನ್ನು ನೋಡಿಕೊಳ್ಳಬೇಕು.

ನೀರು ಮತ್ತು ಗೊಬ್ಬರ

ಮಣ್ಣಿನ ಮೇಲ್ಪದರ ಒಣಗಿದಾಗ ನೀರು ಕೊಡಬೇಕು. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಚುಚ್ಚಿ ನೋಡಿದರೆ ತಿಳಿಯುತ್ತದೆ. ಚಳಿಗಾಲದಲ್ಲಿ 3-4 ದಿನಗಳಿಗೊಮ್ಮೆ, ಬೇಸಿಗೆಯಲ್ಲಿ ದಿನಕ್ಕೆ ಅಥವಾ ದಿನ ಬಿಟ್ಟು ದಿನ ಬೇಕಾಗಬಹುದು. ಬೆಳಗಿನ ಹೊತ್ತು ಬುಡಕ್ಕೆ ಕೊಡುವುದು ಉತ್ತಮ. ಸಂಜೆ ಎಲೆ ನೆನೆದರೆ ರಾತ್ರಿಯಿಡೀ ಒದ್ದೆಯಾಗಿದ್ದು ರೋಗಕ್ಕೆ ಎಡೆಯಾಗುತ್ತದೆ. ಸೋಪಿನ ಪುಡಿ ಬೆರೆತ ನೀರನ್ನು ಹಾಕಬಾರದು.

ಎಲೆಯನ್ನು ಪದೇ ಪದೇ ಕೊಯ್ಯುವ ಬೆಳೆಯಾದ್ದರಿಂದ ಮಣ್ಣಿನ ಸಾರ ಬೇಗ ಕರಗುತ್ತದೆ. ಪ್ರತಿ ಕೊಯ್ಲಿನ ನಂತರ ಬುಡಕ್ಕೊಂದು ಹಿಡಿ ಎರೆಗೊಬ್ಬರ ಹಾಕಿ ಮಣ್ಣನ್ನು ಮೆಲ್ಲಗೆ ಕೆದಕಬೇಕು. ಹಾಗೆ ಮಾಡಿದರೂ ಎಲೆ ತಿಳಿ ಹಳದಿಯಾಗಿದ್ದರೆ 1 ಲೀಟರ್ ನೀರಿಗೆ 5 ಗ್ರಾಂ ಯೂರಿಯ ಕರಗಿಸಿ, ತೇವವಿರುವ ಮಣ್ಣಿಗೆ ಬುಡಕ್ಕೆ 100 ಮಿ.ಲೀ.ನಂತೆ ಎರಡು ತಿಂಗಳಿಗೊಮ್ಮೆ ಕೊಡಬಹುದು. ಹೆಚ್ಚು ಯೂರಿಯ ಕೊಟ್ಟರೆ ಎಲೆ ಮೆತ್ತಗಾಗಿ ಬಾಗುತ್ತದೆ, ಪರಿಮಳವೂ ತಗ್ಗುತ್ತದೆ, ಹೇನು ಹತ್ತುತ್ತದೆ.

ಕೊಯ್ಲಿನ ಸರದಿ

ಈ ಬೆಳೆಯ ಗೆಲುವು ಸೋಲುಗಳು ಕೊಯ್ಲಿನಲ್ಲಿವೆ. ಚೈವ್ಸಿನ ಎಲೆ ತುದಿಯಿಂದ ಬೆಳೆಯುವುದಿಲ್ಲ, ಬುಡದಿಂದ ಬೆಳೆಯುತ್ತದೆ. ಬೆಳೆಯುವ ಭಾಗ ನೆಲಮಟ್ಟದಲ್ಲಿ ಗೆಡ್ಡೆಯ ತಲೆಯ ಬಳಿ ಸುರಕ್ಷಿತವಾಗಿರುತ್ತದೆ. ಆದುದರಿಂದಲೇ ಕೊಯ್ದ ಎಲೆ ಮತ್ತೆ ಚಿಗುರುತ್ತದೆ. ಆದರೆ ಈ ಹೊಸ ಚಿಗುರಿಗೆ ಬೇಕಾದ ಆಹಾರ ಎಲ್ಲಿಂದ ಬರಬೇಕು? ಗೆಡ್ಡೆಯಲ್ಲಿ ಕೂಡಿಟ್ಟ ದಾಸ್ತಾನಿನಿಂದ. ಹೊಸ ಎಲೆ ಪೂರ್ತಿ ಬೆಳೆದು ಕೆಲವು ದಿನ ಬಿಸಿಲಿನಲ್ಲಿ ನಿಂತಾಗ ಮಾತ್ರ ಈ ದಾಸ್ತಾನು ಮತ್ತೆ ತುಂಬುತ್ತದೆ. ಅದಕ್ಕೆ ಮೊದಲೇ ಕೊಯ್ದರೆ ಕಣಜಕ್ಕೆ ಕಾಳು ಹಾಕದೆ ತೆಗೆಯುತ್ತಲೇ ಹೋದಂತೆ. ಎಲೆ ವಾರದಿಂದ ವಾರಕ್ಕೆ ಸಣ್ಣದಾಗಿ, ನೂಲಿನಂತಾಗಿ, ಕೊನೆಗೆ ಬುಡವೇ ಸಾಯುತ್ತದೆ. ಇದನ್ನು ರೋಗವೆಂದು ಭಾವಿಸಿ ಔಷಧಿ ಹುಡುಕುವವರೂ ಇದ್ದಾರೆ. ಇದಕ್ಕೆ ಬೇಕಾದ ಔಷಧಿ ಬಿಡುವು ಮಾತ್ರ.

ನಾಟಿ ಮಾಡಿದ ಸುಮಾರು 60 ದಿನಗಳ ನಂತರ, ಎಲೆ 20 ಸೆಂ.ಮೀ. ದಾಟಿದ ಮೇಲೆ ಮೊದಲ ಕೊಯ್ಲು. ಹರಿತವಾದ ಕತ್ತರಿಯಿಂದ ನೆಲದಿಂದ ಎರಡು ಬೆರಳಗಲ, ಎಂದರೆ 3ರಿಂದ 4 ಸೆಂ.ಮೀ. ಬಿಟ್ಟು ಇಡೀ ಬುಡವನ್ನು ಕೊಯ್ಯಬೇಕು. ಎಲ್ಲ ಬುಡಗಳ ತುದಿಯನ್ನು ಅಲ್ಲಿಷ್ಟು ಇಲ್ಲಿಷ್ಟು ಚಿವುಟಿದರೆ ತುದಿಗಳು ಒಣಗಿ ಕಂದಾಗುತ್ತವೆ, ಯಾವ ಬುಡಕ್ಕೂ ಸರಿಯಾದ ಬಿಡುವು ಸಿಗುವುದಿಲ್ಲ.

ಇದಕ್ಕೆ ಸುಲಭದ ಲೆಕ್ಕ ಹೀಗಿದೆ. 12 ಬುಡಗಳಲ್ಲಿ ವಾರಕ್ಕೆ 3 ಬುಡಗಳನ್ನು ಮಾತ್ರ ಕೊಯ್ಯಬೇಕು. ಮೊದಲ ವಾರ ಮೊದಲ ಮೂರು, ಎರಡನೆಯ ವಾರ ಮುಂದಿನ ಮೂರು. ನಾಲ್ಕು ವಾರ ಕಳೆದು ಐದನೆಯ ವಾರ ಮೊದಲ ಬುಡಗಳಿಗೆ ಬರುವಷ್ಟರಲ್ಲಿ ಅವಕ್ಕೆ 28 ದಿನಗಳ ಬಿಡುವು ಸಿಕ್ಕಿರುತ್ತದೆ. ಕಡು ಬೇಸಿಗೆಯಲ್ಲಿ ಮತ್ತು ಜಡಿಮಳೆಯಲ್ಲಿ ಬೆಳವಣಿಗೆ ನಿಧಾನ. ಆಗ ವಾರಕ್ಕೆ 2 ಬುಡದಂತೆ ಕೊಯ್ದರೆ ಬಿಡುವು ತಾನಾಗಿಯೇ 6 ವಾರಗಳಿಗೆ ಹೆಚ್ಚುತ್ತದೆ. ಸರದಿ ಮರೆಯದಂತೆ ಕೊಯ್ದ ಬುಡದ ಪಕ್ಕ ಒಂದು ಕಡ್ಡಿ ಊರುತ್ತಾ ಹೋಗಬಹುದು. ಸರದಿ ಬಂದರೂ ಎಲೆ 20 ಸೆಂ.ಮೀ. ಬೆಳೆದಿಲ್ಲವಾದರೆ ಆ ಬುಡವನ್ನು ಬಿಟ್ಟು ಮುಂದಿನದಕ್ಕೆ ಹೋಗಬೇಕು.

ಹೂದಂಟು ಕಾಣಿಸಿದರೆ ಎಳೆಯದಿರುವಾಗಲೇ ಬುಡದಿಂದ ಕತ್ತರಿಸಬೇಕು. ಬೆಳ್ಳುಳ್ಳಿ ಚೈವ್ಸಿನಲ್ಲಿ ಇದು ಹೆಚ್ಚು. ಅದರ ಎಳೆಯ ಹೂದಂಟು, ಮೊಗ್ಗುಗಳನ್ನು ಪಲ್ಯಕ್ಕೆ ಬಳಸಬಹುದು. ಬಲಿತು ಬೀಜ ಬೀಳಲು ಬಿಟ್ಟರೆ ಮಡಿಯ ತುಂಬ ಸಸಿ ಎದ್ದು ಅದೇ ಕಳೆಯಾಗುತ್ತದೆ.

ಬುಡ ಬಿಡಿಸುವುದು

2ರಿಂದ 3 ವರ್ಷಗಳಲ್ಲಿ ಗೆಡ್ಡೆಗಳು ಕಿಕ್ಕಿರಿದು ಬುಡದ ನಡುಭಾಗ ಬಡಕಲಾಗುತ್ತದೆ. ಆಗ ಅಕ್ಟೋಬರ್, ನವೆಂಬರ್‌ನಲ್ಲಿ ಬುಡವನ್ನು ಮಣ್ಣು ಸಮೇತ ಎಬ್ಬಿಸಿ, ಕೈಯಿಂದ ಬಿಡಿಸಿ, ನಡುವಿನ ಹಳೆಯ ಸೊರಗಿದ ಭಾಗವನ್ನು ಎಸೆದು, ಹೊರಗಿನ ಬಲವಾದ ಹೋಳುಗಳನ್ನು ಹೊಸ ಮಡಿಯಲ್ಲಿ ನೆಡಬೇಕು. ಎಲ್ಲವನ್ನೂ ಒಂದೇ ಸಲ ಎಬ್ಬಿಸಿದರೆ ಎರಡು ತಿಂಗಳು ಮನೆಗೆ ಸೊಪ್ಪಿಲ್ಲ. ವರ್ಷಕ್ಕೆ 4 ಬುಡಗಳಂತೆ ಬಿಡಿಸಿದರೆ ಮೂರು ವರ್ಷಗಳಲ್ಲಿ ಇಡೀ ಮಡಿ ಹೊಸದಾಗುತ್ತದೆ. ಉಳಿದ ಹೋಳುಗಳನ್ನು ನೆರೆಹೊರೆಯವರಿಗೆ ಕೊಡಬಹುದು. ತಮ್ಮ ಮಡಿ ಯಾವುದೋ ಮಳೆಗಾಲದಲ್ಲಿ ಹಾಳಾದರೆ ಮರಳಿ ಬೀಜ ತರಲು ಹೊರಗೆ ಹೋಗಬೇಕಾಗಿಲ್ಲ. ಕೊಟ್ಟ ಮನೆಯಿಂದಲೇ ಬುಡ ಸಿಗುತ್ತದೆ.

ರೋಗ ಮತ್ತು ಕೀಟಗಳು

ಬುಡ ಕೊಳೆ ರೋಗ ಮಳೆಗಾಲದ ದೊಡ್ಡ ಶತ್ರು. ಎಲೆ ಹಳದಿಯಾಗಿ, ಎಳೆದರೆ ಬುಡದಿಂದ ಸಲೀಸಾಗಿ ಕಿತ್ತು ಬರುತ್ತದೆ. ಇಂತಹ ಬುಡವನ್ನು ಸುತ್ತಲಿನ ಮಣ್ಣಿನೊಡನೆ ತೆಗೆದು ದೂರ ಸುಡಬೇಕು. ಗೊಬ್ಬರದ ಗುಂಡಿಗೆ ಹಾಕಬಾರದು. ಮಡಿಯ ಸುತ್ತ ಬಸಿಗಾಲುವೆ ತೆಗೆದು, ಟ್ರೈಕೋಡರ್ಮ ಬೆರೆಸಿದ ಗೊಬ್ಬರವನ್ನು ಉಳಿದ ಬುಡಗಳಿಗೆ ಹಾಕಬೇಕು. ಮಲೆನಾಡಿನವರು ಜೂನ್ ಮೊದಲೇ ಎರಡು ಮೂರು ಬುಡಗಳನ್ನು ಕುಂಡಕ್ಕೆ ವರ್ಗಾಯಿಸಿ ಸೂರಿನ ಕೆಳಗೆ ಬೆಳಕಿರುವಲ್ಲಿ ಇಟ್ಟುಕೊಂಡರೆ ವಂಶ ಉಳಿಯುತ್ತದೆ.

ಥ್ರಿಪ್ಸ್ ನುಸಿಗಳು ಎಲೆಯ ರಸ ಹೀರುವುದರಿಂದ ಬೆಳ್ಳಿಯಂತಹ ಬಿಳಿ ಗೆರೆಗಳು ಕಾಣುತ್ತವೆ. ಒಣ ಹವೆಯಲ್ಲಿ ಇದರ ಹಾವಳಿ ಹೆಚ್ಚು. ಹೇನುಗಳು ಎಳೆಯ ಎಲೆಯ ಬುಡದಲ್ಲಿ ಗುಂಪುಗೂಡುತ್ತವೆ. ಬಾಧೆ ಕಂಡ ಬುಡವನ್ನು ಪೂರ್ತಿ ಕೊಯ್ದು ನಾಶಮಾಡಿದರೆ ಹುಳುಗಳ ಸಂಖ್ಯೆ ಬಹುಪಾಲು ಇಳಿಯುತ್ತದೆ. ಅನಂತರ ಶೇಕಡ 5ರ ಬೇವಿನ ಬೀಜದ ಕಷಾಯ ಸಿಂಪಡಿಸಬಹುದು. 50 ಗ್ರಾಂ ಬೇವಿನ ಬೀಜದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿ ನೀರಿನಲ್ಲಿ ನೆನೆಸಿ, ಬೆಳಗ್ಗೆ ಹಿಂಡಿ, ಸೋಸಿ, 1 ಲೀಟರಿಗೆ ಏರಿಸಿ, ಸ್ವಲ್ಪ ಸೋಪಿನ ನೀರು ಸೇರಿಸಿದರೆ ಸಿಂಪರಣೆಗೆ ಸಿದ್ಧ. ವಾರ ವಾರವೂ ಕೊಯ್ದು ಹಸಿಯಾಗಿಯೇ ತಿನ್ನುವ ಸೊಪ್ಪಾದ್ದರಿಂದ ಹೊಲದ ಈರುಳ್ಳಿಗೆ ಬಳಸುವ ಕೀಟನಾಶಕಗಳನ್ನು ಇದಕ್ಕೆ ಸಿಂಪಡಿಸಲೇಬಾರದು. ಹೊಲಕ್ಕೆ ಹೊಡೆದು ಉಳಿದ ಔಷಧಿಯನ್ನು ಹಿತ್ತಿಲಿಗೆ ಹೊಡೆಯುವ ಅಭ್ಯಾಸ ಇಲ್ಲಿ ಅಪಾಯಕರ.

ಎಲೆಗಳ ಮೇಲೆ ನೇರಳೆ ಮಚ್ಚೆ ಅಥವಾ ಕಿತ್ತಳೆ ಬಣ್ಣದ ತುಕ್ಕಿನ ಪುಡಿ ಕಂಡರೆ ಆ ಎಲೆಗಳನ್ನು ಕತ್ತರಿಸಿ ಸುಟ್ಟು, ಬುಡಗಳ ನಡುವೆ ಗಾಳಿ ಆಡುವಂತೆ ಮಾಡಬೇಕು.

ಈರುಳ್ಳಿಯೇ ಮುಖ್ಯ ಬೆಳೆಯಾಗಿರುವ ಚಿತ್ರದುರ್ಗ, ಗದಗ, ಧಾರವಾಡ ಮುಂತಾದ ಕಡೆಯ ರೈತರು ಒಂದು ಸಂಗತಿ ಗಮನಿಸಬೇಕು. ಚೈವ್ಸಿಗೆ ಬರುವ ನುಸಿ, ರೋಗಗಳು ಬಹುಮಟ್ಟಿಗೆ ಈರುಳ್ಳಿಯವೇ. ವರ್ಷವಿಡೀ ಹಸಿರಾಗಿರುವ ಮಡಿಯು ಹೊಲದಲ್ಲಿ ಬೆಳೆ ಇಲ್ಲದ ಕಾಲದಲ್ಲಿ ಇವಕ್ಕೆ ಆಶ್ರಯವಾಗಬಹುದು. ಆದುದರಿಂದ ಈರುಳ್ಳಿ ಹೊಲದ ಬದುವಿನಲ್ಲಿ ಇದನ್ನು ನೆಡಬಾರದು. ಮನೆಯ ಹತ್ತಿರ ಮಾತ್ರ ಬೆಳೆಯಬೇಕು. ಈರುಳ್ಳಿ, ಬೆಳ್ಳುಳ್ಳಿ ಬೆಳೆದು ರೋಗ ಬಂದಿದ್ದ ಮಣ್ಣನ್ನು ಮಡಿಗೆ ತರಬಾರದು.

ಆಹಾರದಲ್ಲಿ ಬಳಕೆ

ಎಲೆಯನ್ನು ಕತ್ತರಿಸಿದಾಗ ಜೀವಕೋಶಗಳು ಒಡೆದು, ಗಂಧಕದ ಅಂಶವುಳ್ಳ ಪದಾರ್ಥಗಳ ಮೇಲೆ ಕಿಣ್ವವೊಂದು ವರ್ತಿಸಿ ಪರಿಮಳ ಹುಟ್ಟುತ್ತದೆ. ಈ ಪರಿಮಳ ಬೇಗ ಹಾರಿಹೋಗುವಂತಹದು. ಆದುದರಿಂದ ಬಳಸುವ ಹೊತ್ತಿಗೆ ಕೊಯ್ದು, ಸಣ್ಣಗೆ ಹೆಚ್ಚಿ, ಒಲೆಯಿಂದ ಇಳಿಸಿದ ಮೇಲೆ ಹಾಕಬೇಕು. ಒಗ್ಗರಣೆಯಲ್ಲಿ ಹುರಿದರೆ ಪರಿಮಳ ಉಳಿಯುವುದಿಲ್ಲ. ಒಣಗಿಸಿಡುವುದರಿಂದಲೂ ಹೆಚ್ಚು ಪ್ರಯೋಜನವಿಲ್ಲ. ಮಜ್ಜಿಗೆ, ಮೊಸರು ಬಜ್ಜಿ, ಕೋಸಂಬರಿ, ಉಪ್ಪಿಟ್ಟು, ತಿಳಿಸಾರು, ಮೊಟ್ಟೆಯ ದೋಸೆ ಇವಕ್ಕೆ ಚೆನ್ನಾಗಿ ಹೊಂದುತ್ತದೆ. ಅಕ್ಕಿ ರೊಟ್ಟಿಯ ಹಿಟ್ಟಿಗೆ ಈರುಳ್ಳಿಯ ಬದಲು ಸೇರಿಸಬಹುದು. ಬೆಳ್ಳುಳ್ಳಿ ಚೈವ್ಸ್ ಸ್ವಲ್ಪ ಗಟ್ಟಿ ಎಲೆಯದಾದ್ದರಿಂದ ಪಲ್ಯ, ಚಟ್ನಿಗಳಿಗೆ ಒಗ್ಗುತ್ತದೆ.

100 ಗ್ರಾಂ ಹಸಿ ಚೈವ್ಸಿನಲ್ಲಿ ಸುಮಾರು 58 ಮಿ.ಗ್ರಾಂ. 'ಸಿ' ಜೀವಸತ್ವ, 92 ಮಿ.ಗ್ರಾಂ. ಸುಣ್ಣ, 1.6 ಮಿ.ಗ್ರಾಂ. ಕಬ್ಬಿಣ, 3 ಗ್ರಾಂಗೂ ಸ್ವಲ್ಪ ಹೆಚ್ಚು ಸಸಾರಜನಕ ಇರುತ್ತವೆ. 'ಎ' ಜೀವಸತ್ವವಾಗಿ ಮಾರ್ಪಡುವ ಕ್ಯಾರೊಟಿನ್ ಕೂಡ ಸಾಕಷ್ಟಿದೆ. ಆದರೆ ಒಬ್ಬರು ದಿನಕ್ಕೆ ತಿನ್ನುವುದು ಹೆಚ್ಚೆಂದರೆ 10 ಗ್ರಾಂ. ಅದರಿಂದ ದೊರೆಯುವ 'ಸಿ' ಜೀವಸತ್ವ 6 ಮಿ.ಗ್ರಾಂ.ನಷ್ಟು ಮಾತ್ರ. ಆದುದರಿಂದ ಇದನ್ನು ಔಷಧಿಯೆಂದಾಗಲಿ ದಂಟು, ಮೆಂತ್ಯ, ನುಗ್ಗೆ ಸೊಪ್ಪುಗಳಿಗೆ ಬದಲೆಂದಾಗಲಿ ಭಾವಿಸಬಾರದು. ಅವುಗಳ ಜೊತೆಗೆ ಊಟಕ್ಕೆ ರುಚಿ ಕೂಡಿಸುವ ಹಸಿರು ಇದು.

ದನಕರುಗಳಿಗೆ ಹಾಕಬಾರದು

ಈರುಳ್ಳಿ ಕುಲದ ಸಸ್ಯಗಳಲ್ಲಿರುವ ಗಂಧಕದ ಸಂಯುಕ್ತಗಳು ಪ್ರಾಣಿಗಳ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಸಾಕುಪ್ರಾಣಿಗಳಲ್ಲಿ ದನಗಳಿಗೆ, ನಾಯಿ ಬೆಕ್ಕುಗಳಿಗೆ ಇದರ ಬಾಧೆ ಹೆಚ್ಚು. ಕುರಿ ಮೇಕೆಗಳು ಸ್ವಲ್ಪ ತಾಳಿಕೊಳ್ಳುತ್ತವೆ. ಹೆಚ್ಚು ತಿಂದ ಹಸು ಮಂಕಾಗಿ, ಮೂತ್ರ ಕೆಂಪು ಅಥವಾ ಕಂದು ಬಣ್ಣಕ್ಕೆ ತಿರುಗುತ್ತದೆ. ಅಂತಹ ಸಂದರ್ಭದಲ್ಲಿ ಕೂಡಲೆ ಪಶುವೈದ್ಯರಿಗೆ ತೋರಿಸಬೇಕು. ಬಲಿತ ಎಲೆ, ಬಿಡಿಸಿ ಉಳಿದ ಬುಡಗಳನ್ನು ಕೊಟ್ಟಿಗೆಗೆ ಎಸೆಯದೆ, ರೋಗವಿಲ್ಲದ್ದಾದರೆ ಗೊಬ್ಬರದ ಗುಂಡಿಗೆ ಹಾಕಬೇಕು. ಧಾರಣೆ ಬಿದ್ದಾಗ ಮಾರಲಾಗದ ಈರುಳ್ಳಿಯನ್ನು ರಾಶಿಗಟ್ಟಲೆ ದನಗಳ ಮುಂದೆ ಸುರಿಯುವವರಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ.

ಮಾರಾಟದ ಯೋಚನೆ

ಹೋಟೆಲುಗಳು ಕೊಳ್ಳುತ್ತವೆ ಎಂಬ ಮಾತು ಕೇಳಿ ಗುಂಟೆಗಟ್ಟಲೆ ಬೆಳೆಯಲು ಹೊರಡುವುದು ಆತುರದ ಕೆಲಸ. ಕೊಯ್ದ ಎಲೆ ಸಾಧಾರಣ ಹವೆಯಲ್ಲಿ ಬೇಗ ಬಾಡುತ್ತದೆ. ಕೊಳ್ಳುವವರು ಕೆಲವೇ ಮಂದಿ, ಅವರೂ ದೊಡ್ಡ ನಗರಗಳಲ್ಲಿದ್ದಾರೆ. ಹಳ್ಳಿಯ ಸಂತೆಯಲ್ಲಿ ಇದಕ್ಕೆ ಗಿರಾಕಿ ಇಲ್ಲ. ಬೆಂಗಳೂರಿನಂತಹ ನಗರದ ಸಮೀಪವಿದ್ದು, ಕೊಳ್ಳುವವರೊಡನೆ ಮೊದಲೇ ಮಾತಾಡಿಕೊಂಡವರು ಮಾತ್ರ ಸಣ್ಣ ಪ್ರಮಾಣದಲ್ಲಿ ಆರಂಭಿಸಿ ನೋಡಬಹುದು. ಉಳಿದವರಿಗೆ ಇದು ಮನೆಯ ಬೆಳೆ. ಇದರ ಲಾಭ ಸೊಪ್ಪಿಗಾಗಿ ಸಂತೆಗೆ ಹೋಗಬೇಕಾಗಿಲ್ಲದಿರುವುದೇ.

ನೆನಪಿಡಬೇಕಾದ ಅಂಶಗಳು

ತಂಪು ಸೀಮೆಗೆ ದುಂಡು ಎಲೆಯದು, ಬಿಸಿಲು ಸೀಮೆಗೆ ಚಪ್ಪಟೆ ಎಲೆಯದು.
ಮಳೆ ಹಿಂದೆ ಸರಿದ ಮೇಲೆ ಹೊಸ ಬೀಜ ಬಿತ್ತಬೇಕು.
ಮಡಿ ಎತ್ತರವಾಗಿರಬೇಕು, ಬುಡದಲ್ಲಿ ನೀರು ನಿಲ್ಲಬಾರದು.
12 ಬುಡಗಳಲ್ಲಿ ವಾರಕ್ಕೆ 3, ಕಷ್ಟ ಕಾಲದಲ್ಲಿ 2 ಮಾತ್ರ ಕೊಯ್ಯಬೇಕು; ಎರಡು ಬೆರಳಗಲ ಬಿಟ್ಟು ಕೊಯ್ಯಬೇಕು.
ವರ್ಷಕ್ಕೆ 4 ಬುಡ ಬಿಡಿಸಿ ನೆಡಬೇಕು, ಒಂದು ಹೋಳನ್ನಾದರೂ ನೆರೆಮನೆಗೆ ಕೊಡಬೇಕು.
ವಾಸನೆ ನೋಡದೆ ಎಲೆ ತಿನ್ನಬಾರದು, ದನಗಳಿಗೆ ಹಾಕಬಾರದು.

ಈ ಕ್ರಮಗಳಲ್ಲಿ ಖರ್ಚಿನದು ಯಾವುದೂ ಇಲ್ಲ. ಬೇಕಾದುದು ವಾರಕ್ಕೊಮ್ಮೆ ಮಡಿಯ ಬಳಿ ಕಳೆಯುವ ಕಾಲು ಗಂಟೆ, ಮತ್ತು ಹಸಿರಾಗಿ ನಿಂತ ಉಳಿದ ಒಂಬತ್ತು ಬುಡಗಳನ್ನು ಮುಟ್ಟದೆ ಬರುವಷ್ಟು ತಾಳ್ಮೆ.